ಓದಿ ಹೇಳಿದವಳ ತಪ್ಪು

ಬೆಂಗಳೂರಿನ ಕಾನೂನು ಗ್ರಂಥಾಲಯವೊಂದಕ್ಕೆ ನಾನು ಮೊದಲ ಸಲ ಹೋದದ್ದು 2018ರ ಡಿಸೆಂಬರಿನಲ್ಲಿ. ಆಗ ತತ್ವಶಾಸ್ತ್ರದ ಎಂ.ಎ. ಮೊದಲ ವರ್ಷ. ತಿಳಿಯದೆ ಮಾಡಿದ ತಪ್ಪಿಗೆ ಮನುಷ್ಯ ಎಷ್ಟು ಹೊಣೆ ಎಂಬ ಪ್ರಶ್ನೆಯ ಮೇಲೆ ಸೆಮಿನಾರಿಗೆ ಬರೆಯಬೇಕಿತ್ತು. ನಾನು ಕಾನೂನು ಓದಿದವಳಲ್ಲ. ಹಾಗಾಗಿ ನಮ್ಮ ಪ್ರಾಧ್ಯಾಪಕರು ವಿಭಾಗದ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟಿದ್ದರು. ಕೌಂಟರಿನಲ್ಲಿದ್ದವರು ಪತ್ರವನ್ನು ಓದಲಿಲ್ಲ. ಮೊಹರು ನೋಡಿದರು, ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದರು.

ನನ್ನ ಹಿಂದೆ ಒಬ್ಬ ತಾತ ನಿಂತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು, ಅದರೊಳಗೆ ಮಡಚಿ ಮಡಚಿ ಮೆತ್ತಗಾದ ಕಾಗದಗಳು. ಕುಣಿಗಲ್ ಕಡೆಯವರೆಂದು ಮಾತಿನಲ್ಲೇ ಗೊತ್ತಾಯಿತು. ಅದು ನಮ್ಮೂರ ಕಡೆಯ ಮಾತು. ಸರ್ಕಾರಿ ಜಮೀನನ್ನು ಬಹಳ ಕಾಲದಿಂದ ಉಳುತ್ತ ಬಂದವರು ಅದನ್ನು ಸಕ್ರಮ ಮಾಡಿಸಿಕೊಳ್ಳಲು ಹಾಕುವ ಬಗರ್ ಹುಕುಂ ಅರ್ಜಿಯ ವಿಷಯ ಅವರದು.

“ಒಬ್ರು ಹೊಸದಾಗಿ ಅರ್ಜಿ ಹಾಕ್ಬೋದು ಅಂತಾರೆ, ಇನ್ನೊಬ್ರು ಎಲ್ಲಾ ಮುಗ್ದೋಯ್ತು ಅಂತಾರೆ. ಪುಸ್ತಕದಾಗೆ ಏನೈತೆ ಅಂತ ಒಂದ್ಸಲ ನೋಡ್ಬುಟ್ಟು ಹೋಗ್ತೀನಿ ಸಾ.”

“ಇಲ್ಲಿ ಹಾಗೆಲ್ಲ ಬಿಡೋ ಹಂಗಿಲ್ಲ. ವಕೀಲರ ಹತ್ರ ಹೋಗಿ.”

“ವಕೀಲ್ರ ತಾವಿಂದ್ಲೇ ಬಂದಿವ್ನಿ.”

ಕೌಂಟರಿನವರು ಕೆಟ್ಟವರಲ್ಲ. ದನಿ ಏರಿಸಲಿಲ್ಲ, ಗೋಡೆಯ ಮೇಲಿನ ‘ಸದಸ್ಯರಿಗೆ ಮಾತ್ರ’ ಎಂಬ ಫಲಕ ತೋರಿಸಿದರು ಅಷ್ಟೇ. ನಾನು ರಿಜಿಸ್ಟರಿನಲ್ಲಿ ಹೆಸರು, ವೇಳೆ ಬರೆದು ಒಳಗೆ ಹೋಗಿ ಕೂತೆ. ಹೋದವಳು ತಲೆ ಎತ್ತಲಿಲ್ಲ.

ಅರ್ಧ ಗಂಟೆಯ ನಂತರ ಟೀ ಕುಡಿಯಲು ಹೊರಗೆ ಬಂದರೆ ತಾತ ಗೂಡಂಗಡಿಯ ಮುಂದೆ ಕೂತು ಬನ್ನು ತಿನ್ನುತ್ತಿದ್ದರು. ಈಗ ಮುಖ ತಿರುಗಿಸಲು ಆಗಲಿಲ್ಲ. “ತಾತ, ನಾನು ನೋಡ್ಕೊಂಡು ಬಂದು ಹೇಳ್ಲಾ?” ಎಂದೆ. ಸರ್ವೆ ನಂಬರು ಹೇಳಿದರು, ಬರೆದುಕೊಂಡೆ. ಒಳಗೆ ಹೋಗಿ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಪುಸ್ತಕ ಹುಡುಕಿ ತೆಗೆದೆ. 94ಎ, 94ಬಿ ಕಲಂಗಳನ್ನು ಎರಡು ಸಲ ಓದಿದೆ. ಅರ್ಜಿ ಹಾಕುವ ಅವಧಿ ಮುಗಿದು ವರ್ಷಗಳೇ ಆಗಿದ್ದವು. ಹೊರಗೆ ಬಂದು ಕನ್ನಡದಲ್ಲಿ, ಆದಷ್ಟು ಮೆತ್ತಗೆ, ಅದನ್ನೇ ಹೇಳಿದೆ.

“ಪುಸ್ತಕದಾಗೇ ಹಂಗಿದ್ಮೇಲೆ ಆಯ್ತು ಬುಡವ್ವ,” ಎಂದರು. ನನ್ನ ಟೀ ದುಡ್ಡನ್ನೂ ಅವರೇ ಕೊಟ್ಟರು.

ಇದರ ಮುಂದಿನ ಭಾಗ ಆಮೇಲೆ ಬರುತ್ತದೆ. ಆ ಸಂಜೆ ನಾನು ಒಳ್ಳೆಯ ಕೆಲಸವೊಂದನ್ನು ಮಾಡಿದ ಸಮಾಧಾನದಲ್ಲಿ ಹಾಸ್ಟೆಲಿಗೆ ಹೋಗಿ ಸೆಮಿನಾರ್ ಪ್ರಬಂಧ ಬರೆಯಲು ಕೂತೆ.

ಕಾನೂನು ಗೊತ್ತಿರಲಿಲ್ಲ ಎಂದರೆ ನಡೆಯುವುದಿಲ್ಲ ಎಂಬುದು ಎಲ್ಲರೂ ಕೇಳಿರುವ ಮಾತು. ನಮ್ಮ ದಂಡ ಸಂಹಿತೆಯೂ ಸಂಗತಿಯನ್ನು ತಪ್ಪು ತಿಳಿದವನಿಗೆ ರಿಯಾಯಿತಿ ಕೊಡುತ್ತದೆ, ಕಾನೂನನ್ನು ತಪ್ಪು ತಿಳಿದವನಿಗೆ ಕೊಡುವುದಿಲ್ಲ. ಹಳೆಯ ಐಪಿಸಿಯ 76 ಮತ್ತು 79ನೇ ಕಲಂಗಳಲ್ಲಿದ್ದ ಈ ಮಾತು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 14 ಮತ್ತು 17ನೇ ಕಲಂಗಳಿಗೆ ಹೋಗಿದೆ. ಕೊಲೆಯ ಶಿಕ್ಷೆ 302ರಿಂದ 103ಕ್ಕೆ ಹೋಗಿದೆ. ನಾವು ಬೀದಿಯಲ್ಲಿ ಯಾರನ್ನೋ ‘ಫೋರ್ ಟ್ವೆಂಟಿ’ ಎಂದು ಬೈಯುತ್ತಲೇ ಇದ್ದೇವೆ, ಆ ವಂಚನೆ ಈಗ 318ರಲ್ಲಿ ಕೂತಿದೆ. ಒಂದು ರಾತ್ರಿ ಮಲಗಿ ಏಳುವಷ್ಟರಲ್ಲಿ ಇಡೀ ದೇಶದ ಜನ ಇದನ್ನೆಲ್ಲ ತಿಳಿದರು ಎಂದು ಯಾರೂ ನಂಬುವುದಿಲ್ಲ. ನಮ್ಮ ಸುಪ್ರೀಂ ಕೋರ್ಟು ಕೂಡ ನಂಬುವುದಿಲ್ಲ. 1978ರಲ್ಲಿ ಮೋತಿಲಾಲ್ ಪದಂಪತ್ ಸಕ್ಕರೆ ಕಾರ್ಖಾನೆಯ ಪ್ರಕರಣದಲ್ಲಿ ನ್ಯಾಯಮೂರ್ತಿ ಭಗವತಿ ಎಲ್ಲರಿಗೂ ಕಾನೂನು ಗೊತ್ತಿದೆ ಎಂಬ ಊಹೆ ಕಾನೂನಿನಲ್ಲಿ ಇಲ್ಲ ಎಂದು ಹೇಳಿದರು. ಗೊತ್ತಿಲ್ಲದಿರುವುದು ಸಹಜ, ಆದರೆ ಅದು ನೆಪವಾಗದು ಎಂಬಷ್ಟಕ್ಕೇ ನಿಯಮ ನಿಲ್ಲುತ್ತದೆ.

ಹಾಗಿದ್ದರೆ ನನ್ನನ್ನು ಹೊಣೆ ಮಾಡುವವರಿಗೆ ನನ್ನ ಕಡೆಗೆ ಒಂದು ಋಣ ಇರಬೇಕಲ್ಲವೇ? ತಿಳಿದುಕೊಳ್ಳಲು ದಾರಿ ಇಟ್ಟಿರಬೇಕಲ್ಲ?

ಈ ಋಣವನ್ನು ನಮ್ಮ ಕೋರ್ಟು ಬಹಳ ಬೇಗ ಒಪ್ಪಿಕೊಂಡಿತು. 1951ರ ಹರ್ಲಾ ಪ್ರಕರಣ ಒಂದು ಸಣ್ಣ ಸಂಗತಿಯದು. ಜೈಪುರ ಸಂಸ್ಥಾನದ ಮಂತ್ರಿಮಂಡಲ 1923ರಲ್ಲಿ ಒಂದು ನಿರ್ಣಯದ ಮೂಲಕ ಅಫೀಮು ಕಾಯ್ದೆಯನ್ನು ಮಾಡಿತ್ತು. ಮಾಡಿದ ಮೇಲೆ ಅದನ್ನು ಗೆಜೆಟ್ಟಿನಲ್ಲಿ ಹಾಕಲಿಲ್ಲ, ಡಂಗುರ ಹೊಡೆಸಲಿಲ್ಲ. ವರ್ಷಗಳ ಮೇಲೆ ಹರ್ಲಾ ಎಂಬಾತನಿಗೆ ಅದೇ ಕಾಯ್ದೆಯಡಿ 50 ರೂಪಾಯಿ ದಂಡ ಬಿತ್ತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿವಿಯನ್ ಬೋಸ್ ಆ ಶಿಕ್ಷೆಯನ್ನು ತೆಗೆದುಹಾಕಿದರು. ಪ್ರಯತ್ನಪಟ್ಟರೂ ತಿಳಿಯಲಾಗದ ಕಾನೂನಿನಡಿ ಶಿಕ್ಷಿಸುವುದು ಸಹಜ ನ್ಯಾಯಕ್ಕೆ ಒಗ್ಗದು ಎಂಬುದು ಅವರ ನಿಲುವು. 50 ರೂಪಾಯಿಯ ಕೇಸು ದೆಹಲಿಯವರೆಗೆ ಹೋಯಿತು ಎಂಬುದೇ ನನಗೆ ಇಷ್ಟವಾದ ವಿಷಯ.

ಆದರೆ ಗೆಜೆಟ್ಟಿನಲ್ಲಿ ಅಚ್ಚಾದರೆ ಋಣ ತೀರಿತೇ? ಅಚ್ಚಾದ ಗೆಜೆಟ್ಟು ಎಲ್ಲಿರುತ್ತದೆ? ಗ್ರಂಥಾಲಯದಲ್ಲಿ. ಗ್ರಂಥಾಲಯದ ಬಾಗಿಲಲ್ಲಿ ಒಂದು ಫಲಕ ಇರುತ್ತದೆ.

ಕಾನೂನು ಗ್ರಂಥಾಲಯದ ಒಳಗೆ ಒಂದು ಪುಟ್ಟ ಊರೇ ಇದೆ. ಬೆಳಿಗ್ಗೆ ಹತ್ತಕ್ಕೆ ಮೊದಲು ಜೂನಿಯರ್ ವಕೀಲರು ಓಡಿ ಬರುತ್ತಾರೆ. ಸೀನಿಯರ್ ಕೊಟ್ಟ ಚೀಟಿಯಲ್ಲಿ ಎರಡು ಸೈಟೇಶನ್ ಇರುತ್ತದೆ, ಅದರಲ್ಲೊಂದು ಯಾವಾಗಲೂ ತಪ್ಪಿರುತ್ತದೆ. ಗುಮಾಸ್ತರು ಜೆರಾಕ್ಸ್ ಯಂತ್ರದ ಮುಂದೆ ನಿಂತು ಊರಿನ ಸುದ್ದಿ ಮಾತಾಡುತ್ತಾರೆ. ಮಧ್ಯಾಹ್ನ ಊಟದ ನಂತರ ಫ್ಯಾನಿನ ಕೆಳಗಿನ ಜಾಗಗಳಲ್ಲಿ ನಿವೃತ್ತರು ತೀರ್ಪಿನ ಸಂಪುಟದ ಮೇಲೆ ಕನ್ನಡಕ ಬಿಚ್ಚಿಟ್ಟು ಕಣ್ಣು ಮುಚ್ಚುತ್ತಾರೆ. ಈ ಊರಿನ ಪಟೇಲ ಎಂದರೆ ಅಟೆಂಡರ್. ಎಐಆರ್‌ನ ಯಾವ ವರ್ಷದ ಯಾವ ಸಂಪುಟ ಯಾರ ಮೇಜಿನ ಮೇಲಿದೆ ಎಂಬುದು ಕಂಪ್ಯೂಟರಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ನಾನು ಈಗ ಪಿಎಚ್‌ಡಿಗಾಗಿ ಹೋಗುವ ಕಡೆ ಅಟೆಂಡರ್ ಒಬ್ಬರು ಗೋಂದಿನ ಬಾಟಲಿ ಇಟ್ಟುಕೊಂಡು ತಿದ್ದುಪಡಿ ಚೀಟಿಗಳನ್ನು ಅಂಟಿಸುತ್ತಿರುತ್ತಾರೆ. ಕಾಯ್ದೆಗೆ ತಿದ್ದುಪಡಿ ಬಂದಾಗಲೆಲ್ಲ ಹೊಸ ಪುಸ್ತಕ ಕೊಳ್ಳಲಾಗುವುದಿಲ್ಲ. ತಿದ್ದಿದ ಸಾಲನ್ನು ಕತ್ತರಿಸಿ ಹಳೆಯ ಪುಟದ ಅಂಚಿಗೆ ಅಂಟಿಸುತ್ತಾರೆ. ಅವರು ಒಂದು ಚೀಟಿ ಮರೆತರೆ ಒಂದು ಕಾನೂನು ಆ ಕೋಣೆಯ ಮಟ್ಟಿಗೆ ಹುಟ್ಟಿಯೇ ಇಲ್ಲ.

ಈ ಊರು ಮೊದಲಿನಿಂದಲೂ ತನ್ನವರು ಯಾರು ಎಂಬ ಬಗ್ಗೆ ಕಟ್ಟುನಿಟ್ಟು. ಕಲ್ಕತ್ತಾದಲ್ಲಿ 1825ರಲ್ಲಿ ಹುಟ್ಟಿದ ವಕೀಲರ ಸಂಘದ ಹೆಸರೇ ಬಾರ್ ಲೈಬ್ರರಿ ಕ್ಲಬ್. ಮೊದಲು ಗ್ರಂಥಾಲಯ, ಅದರ ಸುತ್ತ ಸಂಘ. ಅದು ಬ್ಯಾರಿಸ್ಟರುಗಳದ್ದು. ಇಲ್ಲಿಯೇ ಓದಿ ವಕೀಲರಾದವರಿಗೆ ಬೇರೆ ಸಂಘ, ಬೇರೆ ಕೋಣೆ. ಒಂದೇ ಕೋರ್ಟಿನಲ್ಲಿ ಒಂದೇ ಕಾನೂನನ್ನು ವಾದಿಸುವವರಿಗೇ ಹೀಗಿದ್ದ ಮೇಲೆ ಕಕ್ಷಿದಾರನ ಮಾತು ದೂರ.

ನನ್ನ ಶಿಫಾರಸು ಪತ್ರವನ್ನು ನೆನೆದಾಗಲೆಲ್ಲ ಕಾರ್ನೇಲಿಯಾ ಸೊರಾಬ್ಜಿ ನೆನಪಾಗುತ್ತಾರೆ. 1866ರಲ್ಲಿ ನಾಸಿಕದಲ್ಲಿ ಹುಟ್ಟಿದವರು. ಬಾಂಬೆ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆ. ಇಂಗ್ಲೆಂಡಿಗೆ ಹೋಗಿ ಓದುವ ಸರ್ಕಾರಿ ವಿದ್ಯಾರ್ಥಿವೇತನ ಹೆಂಗಸು ಎಂಬ ಕಾರಣಕ್ಕೆ ಸಿಗಲಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಮುಂತಾದವರು ಹಣ ಸೇರಿಸಿ ಕೊಟ್ಟ ಮೇಲೆ 1889ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಕಾನೂನು ಓದಲು ಪುಸ್ತಕ ಬೇಕು. ಕಾನೂನು ಮತ್ತು ಇತಿಹಾಸದ ಸಂಗ್ರಹಕ್ಕೆ ಹೆಸರಾದ ಆಲ್ ಸೋಲ್ಸ್ ಕಾಲೇಜಿನ ಗ್ರಂಥಾಲಯಕ್ಕೆ ಅಲ್ಲಿಯವರೆಗೆ ಹೆಂಗಸರು ಓದುಗರಾಗಿ ಕಾಲಿಟ್ಟಿರಲಿಲ್ಲ. ಕಾಲೇಜಿನ ಮುಖ್ಯಸ್ಥ ಸರ್ ವಿಲಿಯಂ ಆನ್ಸನ್ 1890ರಲ್ಲಿ ಅವರನ್ನು ಕರೆದು ಒಳಗೆ ಬಿಟ್ಟರು. 1892ರಲ್ಲಿ ಬಿ.ಸಿ.ಎಲ್. ಪರೀಕ್ಷೆ ಬರೆಯಲು ವಿಶ್ವವಿದ್ಯಾಲಯ ವಿಶೇಷ ಅನುಮತಿ ಕೊಡಬೇಕಾಯಿತು. ಬರೆದ ಪರೀಕ್ಷೆಯ ಪದವಿ ಕೈಗೆ ಬಂದದ್ದು ಮೂವತ್ತು ವರ್ಷಗಳ ನಂತರ.

ಆನ್ಸನ್ ಒಳ್ಳೆಯ ಮನುಷ್ಯ. ಆದರೆ ಆ ಬಾಗಿಲು ತೆರೆದದ್ದು ಒಬ್ಬ ಒಳ್ಳೆಯ ಮನುಷ್ಯ ಇದ್ದ ಕಾರಣಕ್ಕೆ. ಅವರ ಜಾಗದಲ್ಲಿ ಇನ್ನೊಬ್ಬರಿದ್ದರೆ ತೆರೆಯುತ್ತಿರಲಿಲ್ಲ, ಆಗ ಯಾರ ಮೇಲೂ ದೂರು ಹೇಳಲು ಸೊರಾಬ್ಜಿಗೆ ಜಾಗವಿರುತ್ತಿರಲಿಲ್ಲ. ಕೃಪೆಗೂ ಹಕ್ಕಿಗೂ ಇರುವ ಅಂತರ ಇದೇ. ಕೃಪೆ ಸಿಗದಿದ್ದಾಗ ಅನ್ಯಾಯವಾಯಿತು ಎಂದು ಹೇಳಲು ಬಾಯಿ ಬರುವುದಿಲ್ಲ.

ಆ ಕಟ್ಟಡದ ಕತೆಯನ್ನೂ ಹೇಳಬೇಕು. ಅದನ್ನು ಕಟ್ಟಿಸಿದ್ದು 1710ರಲ್ಲಿ ತೀರಿಕೊಂಡ ಕ್ರಿಸ್ಟೋಫರ್ ಕಾಡ್ರಿಂಗ್ಟನ್ ಉಯಿಲಿನಲ್ಲಿ ಬಿಟ್ಟುಹೋದ 10,000 ಪೌಂಡಿನಿಂದ. ಆ ಹಣ ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಲ್ಲಿ ಗುಲಾಮರ ದುಡಿಮೆಯಿಂದ ಬಂದದ್ದು. ಕಾಲೇಜು 2020ರಲ್ಲಿ ಗ್ರಂಥಾಲಯಕ್ಕೆ ಆತನ ಹೆಸರು ಹೇಳುವುದನ್ನು ಬಿಟ್ಟಿತು. ಕಟ್ಟಡ ಪೂರ್ತಿಯಾಗುವುದರಲ್ಲಿ ಆ ಕಾಲೇಜಿನ ಫೆಲೋ ಆಗಿದ್ದ ವಿಲಿಯಂ ಬ್ಲ್ಯಾಕ್‌ಸ್ಟನ್ ಅವರ ಕೈಯೂ ಇತ್ತು. ಇಂಗ್ಲಿಷ್ ಕಾನೂನಿನ ಮೇಲೆ ಮುಂದೆ ಅವರು ಬರೆದ ದೊಡ್ಡ ವ್ಯಾಖ್ಯಾನದಲ್ಲಿ ರೋಮಿನ ಚಕ್ರವರ್ತಿ ಕಲಿಗುಲನ ಪ್ರಸ್ತಾಪ ಬರುತ್ತದೆ. ಕಲಿಗುಲ ಕಾನೂನುಗಳನ್ನು ಸಣ್ಣ ಅಕ್ಷರಗಳಲ್ಲಿ ಬರೆಸಿ ಎತ್ತರದ ಕಂಬಗಳಿಗೆ ತೂಗುಹಾಕಿಸಿದನಂತೆ, ಜನ ಓದಲಾಗದೆ ಸಿಕ್ಕಿಬೀಳಲಿ ಎಂದು. ಕಾನೂನು ಹಾಗಿರಬಾರದು ಎಂದು ಬ್ಲ್ಯಾಕ್‌ಸ್ಟನ್ ಹೇಳುತ್ತಾರೆ. ಅವರು ನಿಂತು ಮುಗಿಸಿದ ಗ್ರಂಥಾಲಯವೂ ಕೆಳಗೆ ನಿಂತವರ ಪಾಲಿಗೆ ಎತ್ತರದ ಕಂಬವೇ ಆಗಿತ್ತು. ಇದನ್ನು ಕುಹಕಕ್ಕೆ ಹೇಳುತ್ತಿಲ್ಲ. ಶಿಫಾರಸು ಪತ್ರ ಹಿಡಿದು ಒಳಗೆ ಹೋದ ನಾನೂ ಅದೇ ಕಂಬದ ಮೇಲೆಯೇ ಕೂತಿದ್ದೆ.

ಕಾನೂನು ಗ್ರಂಥಾಲಯವನ್ನು ಹಕ್ಕು ಎಂದು ಒಂದು ಕೋರ್ಟು ಹೇಳಿದ್ದು ಇನ್ನೂ ವಿಚಿತ್ರವಾದ ಜಾಗದ ಬಗ್ಗೆ, ಅಂದರೆ ಜೈಲಿನ ಬಗ್ಗೆ.

1961ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬ ಬಡವನ ಮೇಲೆ ಪೂಲ್ ಆಟದ ಅಂಗಡಿಯೊಂದಕ್ಕೆ ನುಗ್ಗಿದ ಆರೋಪ ಬಂತು. ಎಂಟನೇ ತರಗತಿಯವರೆಗೆ ಓದಿದವನು. ವಿಚಾರಣೆಯಲ್ಲಿ ತನಗೊಬ್ಬ ವಕೀಲನನ್ನು ಕೊಡಬೇಕು, ಸುಪ್ರೀಂ ಕೋರ್ಟು ಹಾಗೆ ಹೇಳಿದೆ ಎಂದು ವಾದಿಸಿದ. ಸುಪ್ರೀಂ ಕೋರ್ಟು ಹಾಗೆ ಹೇಳಿರಲಿಲ್ಲ. ಆಗ ಜಾರಿಯಲ್ಲಿದ್ದ 1942ರ ತೀರ್ಪಿನ ಪ್ರಕಾರ ಅವನಂಥವನಿಗೆ ಆ ಹಕ್ಕು ಇರಲಿಲ್ಲ. ಐದು ವರ್ಷ ಶಿಕ್ಷೆಯಾಯಿತು. ಜೈಲಿನಲ್ಲಿದ್ದ ಕಾನೂನು ಪುಸ್ತಕಗಳನ್ನು ಓದಿ, ಜೈಲಿನ ಕಾಗದದ ಮೇಲೆ ಪೆನ್ಸಿಲಿನಲ್ಲಿ ಅರ್ಜಿ ಬರೆದು 1962ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಕಳಿಸಿದ. ಅವನ ಪರ ವಾದಿಸಲು ಕೋರ್ಟು ನೇಮಿಸಿದ್ದು ಏಬ್ ಫೋರ್ಟಸ್ ಎಂಬ ಹೆಸರಾಂತ ವಕೀಲರನ್ನು. 1963ರ ಮಾರ್ಚಿನಲ್ಲಿ ಕೋರ್ಟು ಹಳೆಯ ತೀರ್ಪನ್ನು ಬದಿಗಿಟ್ಟು ಗಿಡಿಯನ್ ಹೇಳಿದ್ದನ್ನೇ ಕಾನೂನು ಮಾಡಿತು. ವಕೀಲನಿಟ್ಟು ನಡೆದ ಎರಡನೇ ವಿಚಾರಣೆಯಲ್ಲಿ ಅವನು ನಿರ್ದೋಷಿಯಾದ. ಕಾನೂನು ತಪ್ಪು ತಿಳಿದವನೊಬ್ಬನ ತಪ್ಪು ತಿಳಿವಳಿಕೆಯೇ ಕಾನೂನಾದ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಗಿಡಿಯನ್‌ಗೆ ಓದು ಬರುತ್ತಿತ್ತು. ಬಾರದವರ ಗತಿ? ಟೆನೆಸಿ ರಾಜ್ಯದ ಜೈಲಿನಲ್ಲಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದ ವಿಲಿಯಂ ಜೋ ಜಾನ್ಸನ್ ಎಂಬಾತ ಬೇರೆ ಕೈದಿಗಳಿಗೆ ಅರ್ಜಿ ಬರೆದುಕೊಡುತ್ತಿದ್ದ. ಅಂಥವರನ್ನು ಅಲ್ಲಿ ಜೈಲು ವಕೀಲರು ಎನ್ನುತ್ತಾರೆ. ಒಬ್ಬ ಕೈದಿ ಇನ್ನೊಬ್ಬನಿಗೆ ಕಾನೂನಿನ ಸಹಾಯ ಮಾಡಬಾರದು ಎಂಬ ನಿಯಮ ಮುರಿದದ್ದಕ್ಕೆ 1965ರಲ್ಲಿ ಅವನನ್ನು ಬಿಗಿ ಕಾವಲಿನ ಕೋಣೆಗೆ ಹಾಕಿದರು. ಅಲ್ಲಿಂದ ಅವನು ಕೋರ್ಟಿಗೆ ಬರೆದದ್ದು ಕಾನೂನು ಪುಸ್ತಕಗಳು ಮತ್ತು ಒಂದು ಟೈಪ್‌ರೈಟರ್ ಬೇಕು ಎಂದು. 1969ರಲ್ಲಿ ಆ ನಿಯಮವನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿತು. ಸರ್ಕಾರ ಬೇರೆ ಯಾವ ನೆರವನ್ನೂ ಕೊಡದೆ ಈ ನೆರವನ್ನೂ ತಡೆದರೆ ಓದುಬರಹ ಬಾರದ ಕೈದಿಗೆ ಕೋರ್ಟಿನ ಬಾಗಿಲೇ ಮುಚ್ಚಿದಂತೆ ಎಂದು ತೀರ್ಪು ಬರೆದವರು ನ್ಯಾಯಮೂರ್ತಿ ಏಬ್ ಫೋರ್ಟಸ್. ಗಿಡಿಯನ್‌ನ ಅದೇ ವಕೀಲರು. ಅಷ್ಟರಲ್ಲಿ ಅವರು ಆ ಕೋರ್ಟಿಗೆ ನ್ಯಾಯಾಧೀಶರಾಗಿ ಬಂದಿದ್ದರು.

1977ರಲ್ಲಿ ಬೌಂಡ್ಸ್ ಪ್ರಕರಣ. ಉತ್ತರ ಕ್ಯಾರೊಲೈನಾದ ಜೈಲುಗಳಲ್ಲಿ ಸುಮಾರು 13,000 ಕೈದಿಗಳಿದ್ದರು. ಕೈದಿಗಳಿಗೆ ಸಾಕಷ್ಟು ಕಾನೂನು ಗ್ರಂಥಾಲಯವನ್ನಾಗಲಿ ಕಾನೂನು ಬಲ್ಲವರ ನೆರವನ್ನಾಗಲಿ ಕೊಡುವುದು ಸರ್ಕಾರದ ಕರ್ತವ್ಯ ಎಂದು ಕೋರ್ಟು ಹೇಳಿತು. ಹೊರಗಿರುವ ನಮ್ಮ ತಾತನಿಗೆ ಇಲ್ಲದ್ದು ಅಲ್ಲಿನ ಕೈದಿಗೆ ಸಿಕ್ಕಿತು.

ಅದು ಹಾಗೇ ಉಳಿಯಲಿಲ್ಲ. 1996ರ ಲೂಯಿಸ್ ಪ್ರಕರಣ ಅರಿಝೋನಾದ್ದು. ಗ್ರಂಥಾಲಯಗಳು ಸರಿಯಿಲ್ಲ, ಓದಲು ಬಾರದವರಿಗೆ ಅವು ಉಪಯೋಗವಿಲ್ಲ ಎಂದು ಕೈದಿಗಳು ದೂರಿದ್ದರು. ನ್ಯಾಯಮೂರ್ತಿ ಸ್ಕೇಲಿಯಾ ಬರೆದ ತೀರ್ಪು ಗ್ರಂಥಾಲಯ ಎಂಬುದೇ ಒಂದು ಹಕ್ಕಲ್ಲ, ಹಕ್ಕು ಇರುವುದು ಕೋರ್ಟನ್ನು ಮುಟ್ಟುವುದಕ್ಕೆ ಎಂದಿತು. ಗ್ರಂಥಾಲಯ ಸರಿಯಿಲ್ಲ ಎಂದು ದೂರುವ ಕೈದಿ ಅದರಿಂದ ತನ್ನ ಮೊಕದ್ದಮೆಗೆ ನಿಜವಾದ ಹಾನಿ ಆಗಿದೆ ಎಂದು ತೋರಿಸಬೇಕು. ಮುಂದೆ ಅರಿಝೋನಾ ತನ್ನ ಜೈಲುಗಳ ಕಾನೂನು ಗ್ರಂಥಾಲಯಗಳಲ್ಲಿ ಬಹುಪಾಲನ್ನು ಮುಚ್ಚಿ ಕಾನೂನು ಸಹಾಯಕರನ್ನು ಇಟ್ಟಿತು.

ಮೊದಲ ಸಲ ಓದಿದಾಗ ಈ ತೀರ್ಪಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಇದರಲ್ಲಿ ಹುರುಳಿದೆ ಎನಿಸಿತ್ತು. ತಾತನನ್ನು ಆ ದಿನ ಒಳಗೆ ಬಿಟ್ಟಿದ್ದರೆ ಏನಾಗುತ್ತಿತ್ತು? ಇಂಗ್ಲಿಷಿನ ಸಂಪುಟಗಳ ನಡುವೆ ಪ್ಲಾಸ್ಟಿಕ್ ಕವರು ಹಿಡಿದು ನಿಲ್ಲುತ್ತಿದ್ದರು. ಅವರಿಗೆ ಬೇಕಿದ್ದದ್ದು ಪುಸ್ತಕವೂ ಅಲ್ಲ, ಕೋಣೆಯೂ ಅಲ್ಲ, ಒಂದು ಉತ್ತರ. ಅದನ್ನು ನಾನು ತಂದುಕೊಟ್ಟೆ. ಬಾಗಿಲು ಮುಚ್ಚಿದ್ದರಿಂದ ಅವರಿಗಾದ ಹಾನಿ ಏನು?

ಈಗ ಬಿಟ್ಟಿದ್ದ ಭಾಗವನ್ನು ಹೇಳುತ್ತೇನೆ. 2019ರ ಸಂಕ್ರಾಂತಿಗೆ ಊರಿಗೆ ಹೋದಾಗ ಜಗಲಿಯ ಮೇಲೆ ಚಿಕ್ಕಪ್ಪ ಒಂದು ಫಾರಂ ತುಂಬುತ್ತ ಕೂತಿದ್ದರು.

“ಏನು ಚಿಕ್ಕಪ್ಪ ಇದು?”

“ಬಗರ್ ಹುಕುಂ ಕಣೆ. ಹೊಸದಾಗಿ ಬಿಟ್ಟವ್ರಲ್ಲ, ಐವತ್ತೇಳು.”

ಫಾರಂ 57. ಹಿಂದಿನ 50 ಮತ್ತು 53ರ ಅವಧಿಯಲ್ಲಿ ಅರ್ಜಿ ಹಾಕದೆ ಉಳಿದವರಿಗಾಗಿ 2018ರ ತಿದ್ದುಪಡಿಯಿಂದ ಬಂದದ್ದು. ನಾನು ತಾತನಿಗೆ ಎಲ್ಲ ಮುಗಿದಿದೆ ಎಂದು ಓದಿ ಹೇಳುವ ಹೊತ್ತಿಗೆ ಅದು ಕಾನೂನಾಗಿ ತಿಂಗಳುಗಳೇ ಆಗಿದ್ದವು. ನಮ್ಮೂರಿನ ಅರಳಿಕಟ್ಟೆಗೆ ಗೊತ್ತಿತ್ತು. ತಾತನಿಗೆ ಹೊಸದಾಗಿ ಹಾಕಬಹುದು ಎಂದು ಹೇಳಿದ್ದ ಯಾರೋ ಒಬ್ಬರಿಗೂ ಗೊತ್ತಿತ್ತು. ಪುಸ್ತಕ ನೋಡಿದ ನನಗೆ ಗೊತ್ತಿರಲಿಲ್ಲ.

ಬೆಂಗಳೂರಿಗೆ ಬಂದವಳೇ ಅದೇ ಪುಸ್ತಕವನ್ನು ತೆಗೆದು ನೋಡಿದೆ. ಹಳೆಯ ಮುದ್ರಣ, ತಿದ್ದುಪಡಿ ಚೀಟಿ ಇಲ್ಲ. ಗ್ರಂಥಾಲಯದ ತಪ್ಪು ಎನ್ನಲಾರೆ. ಹೊಸ ಮುದ್ರಣ ಯಾರೋ ತೆಗೆದು ಓದಿ ಮೇಜಿನ ಮೇಲೆ ಬಿಟ್ಟಿದ್ದಿರಬಹುದು. ಶೀರ್ಷಿಕೆ ಪುಟ ತಿರುಗಿಸಿ ಇಸವಿ ನೋಡಬೇಕಾದದ್ದು ನನ್ನ ಕೆಲಸ. ಸಂಶೋಧನೆ ಮಾಡಹೊರಟವಳು ಮೊದಲು ಕಲಿಯಬೇಕಾದ ಪಾಠ ಅದು. ತಾತನನ್ನು ಹುಡುಕೋಣವೆಂದರೆ ಊರಿನ ಹೆಸರು ಕೇಳಿರಲಿಲ್ಲ, ಫೋನ್ ನಂಬರು ತೆಗೆದುಕೊಂಡಿರಲಿಲ್ಲ. ಗೂಡಂಗಡಿಯವರಿಗೆ ನೆನಪಿಲ್ಲ. ಕೌಂಟರಿನಲ್ಲಿ ಆ ದಿನದ ರಿಜಿಸ್ಟರ್ ಪುಟ ತೆಗೆಸಿದೆ. ನನ್ನ ಹೆಸರಿತ್ತು, ಒಳಗೆ ಬಂದ ವೇಳೆ, ಹೊರಗೆ ಹೋದ ವೇಳೆ. ಒಳಗೆ ಬಿಡದವರ ಹೆಸರನ್ನು ಯಾರೂ ಬರೆಸಿಕೊಳ್ಳುವುದಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಒಂದು ಸರ್ವೆ ನಂಬರು ಮಾತ್ರ ಉಳಿದಿದೆ, ಯಾವ ಗ್ರಾಮದ್ದೆಂದು ಗೊತ್ತಿಲ್ಲದೆ.

ಜಾನ್ಸನ್ ಪ್ರಕರಣದಲ್ಲಿ ನ್ಯಾಯಮೂರ್ತಿ ವೈಟ್ ಬರೆದ ಭಿನ್ನಮತವನ್ನು ಆಮೇಲೆ ಬೇರೆ ಕಣ್ಣಿನಿಂದ ಓದಿದೆ. ಜೈಲು ವಕೀಲರು ಅರೆಬರೆ ತಿಳಿದವರು, ಸಹಾಯದ ಹೆಸರಿನಲ್ಲಿ ಉಳಿದ ಕೈದಿಗಳ ಮೇಲೆ ಹಿಡಿತ ಸಾಧಿಸುತ್ತಾರೆ, ಪ್ರತಿಫಲ ಕೇಳುತ್ತಾರೆ ಎಂಬುದು ಅವರ ಆತಂಕ. ನಾನು ಪ್ರತಿಫಲ ಕೇಳಿರಲಿಲ್ಲ, ಒಂದು ಟೀ ಬಿಟ್ಟರೆ. ಆದರೆ ಅರೆಬರೆ ತಿಳಿದವಳು ಹೌದು. ಹಿಡಿತವೂ ಇತ್ತು. ಮೊಹರಿನ ಪತ್ರ, ಇಂಗ್ಲಿಷು, ಪುಸ್ತಕ ನೋಡಿ ಬಂದೆ ಎಂಬ ಮಾತು. ಇಷ್ಟು ಸಾಕಾಯಿತು ಒಬ್ಬ ರೈತ ತನ್ನ ಊರಿನ ಸರಿಯಾದ ಮಾತನ್ನು ಬಿಟ್ಟು ನನ್ನ ತಪ್ಪು ಮಾತನ್ನು ನಂಬಲು.

ಲೂಯಿಸ್ ತೀರ್ಪಿನ ಮೇಲೆ ಸಿಟ್ಟು ಬಂದದ್ದು ಆಗ. ಹಾನಿಯಾಗಿದ್ದರೆ ತೋರಿಸು ಎನ್ನುತ್ತದೆ ಅದು. ತಾತನಿಗೆ ಹಾನಿಯಾಗಿದ್ದರೆ ಅದು ಆಗಿದೆ ಎಂದೇ ಅವರಿಗೆ ತಿಳಿಯಲು ದಾರಿಯಿರಲಿಲ್ಲ. ತನ್ನ ಪಾಲಿಗೆ ಕಾನೂನು ಇರಲಿಲ್ಲ ಎಂದುಕೊಂಡು ಸುಮ್ಮನಾದರು. ನೋಡಲು ಬಿಡದ ಕೋಣೆಯೊಳಗೆ ತನಗೆ ಬೇಕಾದದ್ದು ಇತ್ತು ಎಂದು ಹೊರಗಿನವನು ಯಾವ ಕೋರ್ಟಿಗೆ ಹೇಗೆ ತೋರಿಸಬೇಕು? ಬಾಗಿಲು ತೆರೆದಿರಬೇಕು ಎನ್ನುವುದು ಎಲ್ಲರೂ ಒಳಗೆ ಹೋಗಿ ತಾವೇ ಓದಿಬಿಡುತ್ತಾರೆ ಎಂದಲ್ಲ. ಓದಲು ಬಾರದವನೂ ಇವತ್ತು ನನ್ನನ್ನು, ನಾಳೆ ತನ್ನ ಮೊಮ್ಮಗನನ್ನು, ನಾಡಿದ್ದು ಇನ್ನೊಬ್ಬ ವಕೀಲನನ್ನು ಒಳಗೆ ಕರೆದುಕೊಂಡು ಹೋಗಿ ಅದೇ ಪುಟವನ್ನು ಮತ್ತೆ ಓದಿಸಿ ಕೇಳುವಂತಿರಬೇಕು. ಓದಿ ಹೇಳುವವರು ಎಲ್ಲ ಕಾಲಕ್ಕೂ ಇರುತ್ತಾರೆ. ಅವರು ಹೇಳಿದ್ದನ್ನು ಒರೆಗೆ ಹಚ್ಚುವ ಜಾಗ ಬೇಕು.

ನಮ್ಮಲ್ಲೂ ಒಬ್ಬ ಜಾನ್ಸನ್ ಇದ್ದ. ತಿಹಾರ್ ಜೈಲಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಸುನಿಲ್ ಬಾತ್ರಾ. ಇನ್ನೊಬ್ಬ ಕೈದಿಯ ಮನೆಯವರಿಂದ ಹಣ ಕೀಳಲು ವಾರ್ಡರ್ ಅವನನ್ನು ಹಿಂಸಿಸಿದ ಸಂಗತಿಯನ್ನು ಬಾತ್ರಾ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಿಗೆ ಪತ್ರ ಬರೆದು ತಿಳಿಸಿದ. ಕೋರ್ಟು ಆ ಪತ್ರವನ್ನೇ ಹೇಬಿಯಸ್ ಕಾರ್ಪಸ್ ಅರ್ಜಿಯಾಗಿ ತೆಗೆದುಕೊಂಡಿತು. 1979ರ ಡಿಸೆಂಬರಿನ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕೊಟ್ಟ ನಿರ್ದೇಶನಗಳಲ್ಲಿ ಒಂದು ನನಗೆ ಬಹಳ ಮುಖ್ಯ. ಕೈದಿಗಳಿಗೆ ಅವರ ಹಕ್ಕುಗಳನ್ನು ತಿಳಿಸುವ ಕೈಪಿಡಿಯೊಂದನ್ನು ಹಿಂದಿಯಲ್ಲಿ ತಯಾರಿಸಿ ಹಂಚಬೇಕು, ದೂರುಗಳನ್ನು ಮುಕ್ತವಾಗಿ ಹೇಳುವ ಗೋಡೆ ಪತ್ರಿಕೆ ಇರಬೇಕು ಎಂದರು. ಅಂದರೆ ಪುಸ್ತಕವನ್ನು ಕಂಬದಿಂದ ಇಳಿಸಿ, ಓದುವವನ ಭಾಷೆಗೆ ತಂದು, ಎಲ್ಲರಿಗೂ ಕಾಣುವ ಗೋಡೆಗೆ ಹಚ್ಚಿ ಎಂದ ಹಾಗೆ.

ಈಗ ಫೋನಿದೆಯಲ್ಲ ಎಂದು ಗೆಳೆಯರು ಕೇಳುತ್ತಾರೆ. ಇದೆ. 2008ರಲ್ಲಿ ಶುರುವಾದ ಇಂಡಿಯನ್ ಕಾನೂನ್ ತಾಣದಲ್ಲಿ ತೀರ್ಪುಗಳನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು, ನಾನೂ ದಿನಾ ಓದುತ್ತೇನೆ. ಕೋರ್ಟಿನ ತೀರ್ಪಿನ ಮೂಲ ಪಠ್ಯದ ಮೇಲೆ ಪ್ರಕಾಶಕರಿಗೆ ಹಕ್ಕಿಲ್ಲ ಎಂದು ಅದರ ಹಿಂದಿನ ವರ್ಷ ಸುಪ್ರೀಂ ಕೋರ್ಟು ಮೋದಕ್ ಪ್ರಕರಣದಲ್ಲಿ ಹೇಳಿದೆ. ಬಾಗಿಲು ಹಿಂದೆಂದಿಗಿಂತ ದೊಡ್ಡದಾಗಿದೆ. ಆದರೆ ಸಂವಿಧಾನದ 348ನೇ ವಿಧಿಯ ಪ್ರಕಾರ ಉನ್ನತ ನ್ಯಾಯಾಲಯಗಳ ಭಾಷೆ ಈಗಲೂ ಇಂಗ್ಲಿಷ್. ಫೋನಿನಲ್ಲಿ ಸಿಗುವ ಕಾಯ್ದೆಯ ಪಿಡಿಎಫ್ಫಿಗೆ ಗೋಂದಿನ ಬಾಟಲಿ ಹಿಡಿದ ಅಟೆಂಡರೂ ಇಲ್ಲ. ಯಾವುದು ಇವತ್ತಿನದು, ಯಾವುದು ಹತ್ತು ವರ್ಷ ಹಳೆಯದು ಎಂದು ಅದು ತಾನಾಗಿ ಹೇಳುವುದಿಲ್ಲ.

2024ರ ಜುಲೈನಲ್ಲಿ ನಾನು ಹೋಗುವ ಗ್ರಂಥಾಲಯದಲ್ಲಿ ಐಪಿಸಿ ಇದ್ದ ಕಪಾಟಿನ ಮುಂದೆ ಅಟೆಂಡರ್ ನಿಂತಿದ್ದರು. ಕೈಯಲ್ಲಿ ಹೊಸ ಸಂಹಿತೆಯ ಹತ್ತು ಪ್ರತಿಗಳು, ಇಡಲು ಜಾಗವಿಲ್ಲ. “ಹಳೇದನ್ನ ತೆಗೆದುಬಿಡಬಹುದಲ್ಲ?” ಎಂದೆ. “ಆಗಲ್ಲ ಮೇಡಂ, ಜುಲೈ ಒಂದಕ್ಕೆ ಮೊದಲು ನಡೆದಿದ್ದಕ್ಕೆಲ್ಲ ಹಳೇದೇ ನಡೆಯತ್ತೆ. ಎರಡೂ ಇರ್ಬೇಕು,” ಎಂದರು. ಅವರಿಗೆ ತಾತನ ಕತೆ ಹೇಳಿದೆ. ಅವರು ಏನೂ ಹೇಳಲಿಲ್ಲ. ಮುಂದಿನ ವಾರ ಹೋದಾಗ ಭೂ ಕಂದಾಯ ಕಾಯ್ದೆಯ ಹಳೆಯ ಮುದ್ರಣಗಳ ಬೆನ್ನಿಗೆಲ್ಲ ಬಿಳಿ ಚೀಟಿ ಅಂಟಿಸಿದ್ದರು. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಹಳೆಯದು ಎಂದು ಬರೆದು ಇಸವಿ ಹಾಕಿದ್ದರು. ಚೀಟಿಯ ಗೋಂದು ಇನ್ನೂ ಹಸಿಯಾಗಿತ್ತು. ಕೌಂಟರಿನ ಮೇಲಿನ ಫಲಕ ಮೊದಲಿನ ಹಾಗೆಯೇ ಇದೆ.